ಹಿಡಿಸೂಡಿಯಿಂದ ಶುರು: ಮಂಗಳೂರು, ಉಡುಪಿಯಲ್ಲಿ ಪ್ರಾಣಿ ರಕ್ಷಣೆಗೆ ಇಳಿಯುವವರಿಗೆ ಸಮಗ್ರ ಮಾರ್ಗದರ್ಶಿ

ಕೆಲಸ ಇದೆ, ಸಂಬಳ ಬರುತ್ತದೆ, ಮನೆಯಲ್ಲೂ ಎಲ್ಲ ಸರಿಯಾಗಿಯೇ ಇದೆ. ಆದರೂ ಭಾನುವಾರ ಸಂಜೆಯಾದರೆ ಮನಸ್ಸಿಗೆ ಏನೋ ಬೇಸರ. ಪ್ರಾಣಿಗಳ ಶೆಲ್ಟರ್‌ಗೆ ಮೊದಲ ಸಲ ಬರುವ ಸುಮಾರು ಜನ ಇದೇ ಮಾತು ಹೇಳುತ್ತಾರೆ. ಮಕ್ಕಳು ಬೆಂಗಳೂರಿಗೋ ದುಬೈಗೋ ಹೋದ ಮೇಲೆ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದವರು, ಮಣಿಪಾಲದಲ್ಲಿ ಓದುವ ಹುಡುಗ ಹುಡುಗಿಯರು, ಬ್ಯಾಂಕಿನಿಂದ ನಿವೃತ್ತರಾದವರು. ಎಲ್ಲರಿಗೂ ಒಂದು ಜೀವ ಉಳಿಸಬೇಕು ಅಂತ ಆಸೆ. ಮೊದಲ ದಿನ ಅವರ ಕೈಗೆ ಸಿಗುವುದು ಮಾತ್ರ ಹಿಡಿಸೂಡಿ (ಪೊರಕೆ) ಮತ್ತು ಬಕೆಟ್.

ಅಲ್ಲೇ ಅರ್ಧ ಜನ ವಾಪಸ್ ಹೋಗುತ್ತಾರೆ. ಉಳಿದವರಿಗಾಗಿ ಈ ಬರಹ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಪ್ರಾಣಿಯನ್ನು ಹಿಡಿದು ತರುವುದು ಅರ್ಧ ಗಂಟೆಯ ಕೆಲಸ, ಆಮೇಲಿನ ಆರೈಕೆ ವಾರಗಟ್ಟಲೆಯದ್ದು. ವಿಡಿಯೋದಲ್ಲಿ ಕಾಣುವುದು ಮೊದಲನೆಯದು. ಬದುಕಿಗೆ ಏನಾದರೂ ಅರ್ಥ ಸಿಗುವುದಿದ್ದರೆ ಅದು ಎರಡನೆಯದರಲ್ಲಿ. ನೀವು ಬಾರದಿದ್ದರೆ ನಿಂತುಹೋಗುವ ಒಂದು ಸಣ್ಣ ಕೆಲಸ ಹುಡುಕಿಕೊಳ್ಳಿ, ಉಳಿದದ್ದು ತಾನಾಗಿ ಬರುತ್ತದೆ.

ಹಂತ 1: ನಿಮ್ಮ ಹತ್ತಿರ ಏನಿದೆ ಅಂತ ನೋಡಿಕೊಳ್ಳಿ

ವಾರದಲ್ಲಿ ಎಷ್ಟು ಗಂಟೆ ಕೊಡಬಹುದು? "ಸಮಯ ಸಿಕ್ಕಾಗ ಬರುತ್ತೇನೆ" ಅನ್ನುವವರು ಎರಡು ವಾರದಲ್ಲಿ ಮಾಯವಾಗುತ್ತಾರೆ. ಶನಿವಾರ ಬೆಳಿಗ್ಗೆ 8ರಿಂದ 10 ಅಂತ ಗಟ್ಟಿ ಮಾಡಿಕೊಳ್ಳಿ. ಎರಡೇ ಗಂಟೆ ಸಾಕು, ಆದರೆ ಪ್ರತಿ ವಾರ. ಕನಿಷ್ಠ ಮೂರು ತಿಂಗಳು ಹೀಗೆ ಮಾಡಿ, ಆಮೇಲೆ ಜಾಸ್ತಿ ಮಾಡುವುದೋ ಬಿಡುವುದೋ ಅಂತ ಯೋಚಿಸಿ.

ಮನೆಯವರ ಹತ್ತಿರ ಮೊದಲೇ ಮಾತಾಡಿ. ರಾತ್ರಿ ಹತ್ತಕ್ಕೆ ಗೋಣಿಚೀಲದಲ್ಲಿ ನಾಯಿಮರಿ ತಂದು ಜಗಲಿಯಲ್ಲಿ ಇಟ್ಟ ಮೇಲೆ ಮಾತು ಶುರು ಮಾಡಿದರೆ ಅದು ಮಾತಾಗಿ ಉಳಿಯುವುದಿಲ್ಲ. ಯಾವುದನ್ನು ಮನೆಗೆ ತರಬಹುದು, ಎಷ್ಟು ದಿನ, ಖರ್ಚಿಗೆ ತಿಂಗಳಿಗೆ ಎಷ್ಟು ಅಂತ ಮೂರು ವಿಷಯ ತೀರ್ಮಾನ ಆಗಿರಲಿ.

ಪ್ರಾಣಿ ಮುಟ್ಟಲು ಹೆದರಿಕೆ ಇದೆಯಾ? ಪರವಾಗಿಲ್ಲ. ಕಾರು ಇರುವವರು ಆಸ್ಪತ್ರೆಗೆ ಸಾಗಿಸಬಹುದು. ಲೆಕ್ಕಪತ್ರ ಗೊತ್ತಿದ್ದವರು ಔಷಧದ ಬಿಲ್ಲುಗಳನ್ನು ಸರಿಯಾಗಿ ಬರೆದಿಡಬಹುದು. ಇಡೀ ದಿನ ಬರುವ ಫೋನ್ ಕರೆಗಳಿಗೆ ಸಮಾಧಾನದಿಂದ ಉತ್ತರ ಕೊಡುವ ಒಬ್ಬರು ಸಿಕ್ಕರೆ ಯಾವ ಶೆಲ್ಟರಾದರೂ ಖುಷಿಯಿಂದ ಬರಮಾಡಿಕೊಳ್ಳುತ್ತದೆ. ನಮ್ಮ ಊರಲ್ಲಿ ನಿವೃತ್ತ ಬ್ಯಾಂಕ್ ನೌಕರರಿಗೆ ಬರಗಾಲ ಇಲ್ಲ. ಲೆಡ್ಜರ್ ನೋಡುವ ಆ ಕಣ್ಣು ಇಲ್ಲಿಗೆ ಬಹಳ ಬೇಕು.

ಹಂತ 2: ಲಸಿಕೆ ಹಾಕಿಸಿಕೊಳ್ಳಿ, ಆಮೇಲೆ ನಾಯಿ ಮುಟ್ಟಿ

ಇದರಲ್ಲಿ ರಿಯಾಯಿತಿ ಇಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಆದರೆ ಲಸಿಕೆಯಿಂದ ಪೂರ್ತಿ ತಡೆಯಬಹುದು. ಪ್ರಾಣಿಗಳ ಜೊತೆ ಕೆಲಸ ಮಾಡುವವರಿಗೆ ಕಚ್ಚುವ ಮೊದಲೇ ಹಾಕಿಸಿಕೊಳ್ಳುವ ಕೋರ್ಸ್ ಇದೆ: ಮೊದಲ ದಿನ ಒಂದು, 7ನೇ ದಿನ ಇನ್ನೊಂದು, 21 ಅಥವಾ 28ನೇ ದಿನ ಮೂರನೆಯದು. ಇದಾದ ಮೇಲೆ ಕಚ್ಚಿದರೂ ಮತ್ತೆ ಡಾಕ್ಟರ ಹತ್ತಿರ ಹೋಗಲೇಬೇಕು, ಆದರೆ ಸಾಮಾನ್ಯವಾಗಿ ಎರಡು ಬೂಸ್ಟರ್ ಸಾಕಾಗುತ್ತದೆ. ಟಿಟಿ ಇಂಜೆಕ್ಷನ್ ಯಾವಾಗ ಆಗಿದೆ ಅಂತಲೂ ನೋಡಿಕೊಳ್ಳಿ.

ಕಚ್ಚಿದರೆ ಅಥವಾ ಪರಚಿದರೆ ಮೊದಲ ಕೆಲಸ ನಲ್ಲಿಯ ಕೆಳಗೆ. ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಕಾಫಿಪುಡಿ ಏನೂ ಹಚ್ಚಬೇಡಿ. ಆಮೇಲೆ ನೇರ ಆಸ್ಪತ್ರೆಗೆ. ಮಂಗಳೂರಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡು ಜಿಲ್ಲಾ ಆಸ್ಪತ್ರೆ ಎಲ್ಲರಿಗೂ ಗೊತ್ತಿರುವ ಜಾಗ. "ಮರಿ ಅಲ್ವಾ, ಸುಮ್ನೆ ಆಡುವಾಗ ಹಲ್ಲು ತಾಗಿದ್ದು" ಅಂತ ಬಿಡಬೇಡಿ, ಮರಿಗಳಿಗೂ ರೇಬೀಸ್ ಬರುತ್ತದೆ.

ಇನ್ನೊಂದು ನಮ್ಮ ಕರಾವಳಿಯದ್ದೇ ತಲೆನೋವು, ಇಲಿ ಜ್ವರ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾಯಿಗೂಡಿನ ನೀರಿನಲ್ಲಿ ಬರಿಗಾಲಲ್ಲಿ ನಿಲ್ಲಬೇಡಿ. ಇಲಿಯ ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಕಾಲಿನ ಸಣ್ಣ ಗಾಯದ ಮೂಲಕ ಒಳಗೆ ಹೋಗುತ್ತದೆ, ನಾಯಿಗಳಿಗೂ ಈ ರೋಗ ಬರುತ್ತದೆ. ಗಂಬೂಟ್, ಗ್ಲೌಸ್ ಎರಡೂ ನಿಮ್ಮದೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ "ನಾನು ನಾಯಿ ಶೆಲ್ಟರ್‌ಗೆ ಹೋಗುತ್ತೇನೆ" ಅಂತ ಕೇಳದೆಯೇ ಹೇಳಿ.

ಹಂತ 3: ಜಾಗ ಹುಡುಕುವುದು

ಮಂಗಳೂರಲ್ಲಿ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಹಲವು ವರ್ಷಗಳಿಂದ ನಾಯಿ, ಬೆಕ್ಕುಗಳನ್ನು ನೋಡಿಕೊಳ್ಳುತ್ತಿದೆ. ಉಡುಪಿ ಕಡೆಯವರಿಗೆ ಮಲ್ಪೆಯಲ್ಲಿ ಮಧ್ವರಾಜ್ ಅನಿಮಲ್ ಕೇರ್ ಟ್ರಸ್ಟ್ ಇದೆ. ಇವುಗಳ ಹೊರಗೂ ಬಡಾವಣೆಗೆ ಒಬ್ಬಿಬ್ಬರಂತೆ ತಮ್ಮಷ್ಟಕ್ಕೆ ಕೆಲಸ ಮಾಡುವವರು ಇದ್ದಾರೆ. ಹೆಸರು ಪೇಪರಿನಲ್ಲಿ ಬರದಿದ್ದರೂ ನಾಯಿಗಳಿಗೆ ಅವರ ಸ್ಕೂಟರ್ ಸದ್ದು ಗೊತ್ತು. ನಿಮ್ಮ ಪೇಟೆಯ ಪಶುವೈದ್ಯರನ್ನು ಕೇಳಿದರೆ ಅಂಥವರ ಪರಿಚಯ ಸಿಗುತ್ತದೆ.

ಎಲ್ಲಿಗೇ ಆದರೂ ಫೋನ್ ಮಾಡಿ ಹೋಗಿ. ಹೋದಾಗ ಕಣ್ಣು ತೆರೆದು ನೋಡಿ. ಕುಡಿಯುವ ನೀರು ಸ್ವಚ್ಛ ಇದೆಯಾ? ಕಾಯಿಲೆಯ ಪ್ರಾಣಿಗಳಿಗೆ ಬೇರೆ ಜಾಗ ಉಂಟಾ? ಯಾವ ಪಶುವೈದ್ಯರು ಬರುತ್ತಾರೆ, ಯಾವ ದಿನ? ಸಂತಾನಹರಣ ಮಾಡಿಸದೆ ದತ್ತು ಕೊಡುತ್ತಾರಾ? ಜಾಗ ತುಂಬಿದ ಮೇಲೂ ತುಂಬಿಸುತ್ತಲೇ ಇದ್ದರೆ ಅದು ದಯೆ ಅಲ್ಲ, ಅಲ್ಲಿ ಕಾಯಿಲೆ ಒಂದರಿಂದ ಇನ್ನೊಂದಕ್ಕೆ ಹರಡುತ್ತಲೇ ಇರುತ್ತದೆ. "ಇವತ್ತು ಜಾಗ ಇಲ್ಲ, ಆದರೆ ಡಾಕ್ಟರ್ ನಂಬರ್ ಕೊಡುತ್ತೇವೆ" ಅನ್ನುವ ಶೆಲ್ಟರ್ ಮೇಲೆ ಸಿಟ್ಟು ಮಾಡಬೇಡಿ. ಅವರೇ ಸರಿ.

ದೇಣಿಗೆ ಕೊಡುವುದಿದ್ದರೆ ಟ್ರಸ್ಟಿನ ಹೆಸರಿನ ಖಾತೆಗೆ ಕೊಟ್ಟು ರಸೀದಿ ಕೇಳಿ. ನೋಂದಣಿ ಇರುವ ಕಡೆ ಆದಾಯ ತೆರಿಗೆ ರಿಯಾಯಿತಿಗೆ ಬೇಕಾದ ರಸೀದಿಯೂ ಸಿಗುತ್ತದೆ. ರಕ್ತಸಿಕ್ತ ಫೋಟೋ ಹಾಕಿ ಯಾರದ್ದೋ ಸ್ವಂತ ಯುಪಿಐ ನಂಬರಿಗೆ ಹಣ ಕೇಳುವ ಪೋಸ್ಟ್ ಕಂಡರೆ ಆಸ್ಪತ್ರೆಯ ಹೆಸರು ಕೇಳಿ, ಬಿಲ್ ಹಣವನ್ನು ನೇರ ಅಲ್ಲಿಗೇ ಕಟ್ಟಿ.

ಹಂತ 4: ಮೊದಲ ಶನಿವಾರಗಳು

ಜುಲೈ ತಿಂಗಳ ಒಂದು ಬೆಳಿಗ್ಗೆ ಅಂದುಕೊಳ್ಳಿ. ತಗಡಿನ ಮಾಡಿನ ಮೇಲೆ ಮಳೆ ಬಡಿಯುತ್ತಿದೆ, ಒಳಗೆ ನಾಯಿಗಳೆಲ್ಲ ಒಟ್ಟಿಗೆ ಬೊಗಳುತ್ತಿವೆ, ಒದ್ದೆ ಕೂದಲು ಮತ್ತು ಮಲದ ವಾಸನೆ ಮೂಗಿಗೆ ಹೊಡೆಯುತ್ತದೆ. ನಿಮಗೆ ಹೇಳಿದ ಕೆಲಸ ಗೂಡು ತೊಳೆಯುವುದು.

ಅದಕ್ಕೂ ಒಂದು ಕ್ರಮ ಇದೆ. ಮೊದಲು ಆರೋಗ್ಯವಾಗಿರುವ ಮರಿಗಳ ಗೂಡು, ಆಮೇಲೆ ದೊಡ್ಡ ನಾಯಿಗಳದ್ದು, ಕಾಯಿಲೆಯವುಗಳದ್ದು ಕೊನೆಗೆ. ಇದನ್ನು ತಿರುಗಿಸಿ ಮಾಡಿದರೆ ನಿಮ್ಮ ಚಪ್ಪಲಿಯೇ ಪಾರ್ವೊ ಹೊತ್ತು ಮರಿಗಳ ಹತ್ತಿರ ಹೋಗುತ್ತದೆ. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆ ಆಗದ ಮರಿಗೆ ವಾಂತಿ, ರಕ್ತಭೇದಿ ಶುರುವಾದರೆ ಎರಡು ಮೂರು ದಿನದಲ್ಲೇ ಮುಗಿದುಹೋಗಬಹುದು. ಮಲವನ್ನೆಲ್ಲ ತೆಗೆದು, ಸಾಬೂನು ನೀರಿನಲ್ಲಿ ಉಜ್ಜಿ, ಆಮೇಲೆ ಬ್ಲೀಚ್ ದ್ರಾವಣ ಹಾಕಿ ಹತ್ತು ನಿಮಿಷ ಬಿಡಬೇಕು. ಕೊಳೆಯ ಮೇಲೆ ಬ್ಲೀಚ್ ಸುರಿದರೆ ಏನೂ ಪ್ರಯೋಜನ ಇಲ್ಲ. ಫಿನಾಯಿಲ್ ಪರಿಮಳ ನಮಗೆ ಸಮಾಧಾನ ಕೊಡುತ್ತದೆ ಅಷ್ಟೆ, ಪಾರ್ವೊಗೆ ಅದು ಲೆಕ್ಕಕ್ಕಿಲ್ಲ, ಬೆಕ್ಕುಗಳಿಗೆ ವಿಷ. ಕೊನೆಗೆ ಚೆನ್ನಾಗಿ ನೀರು ಹಾಕಿ ಒಣಗಿಸಿ. ಒಣಗುವುದೇ ಮಳೆಗಾಲದಲ್ಲಿ ದೊಡ್ಡ ಸಾಹಸ. ಹಾಗಾಗಿ ಹಳೆ ಬೆಡ್‌ಶೀಟ್, ಟವೆಲ್, ಗೋಣಿಚೀಲ ಎಷ್ಟು ತಂದರೂ ಬೇಡ ಅನ್ನುವುದಿಲ್ಲ.

ಎರಡು ಮೂರು ವಾರ ಕಳೆದ ಮೇಲೆ ನಿಮಗೊಂದು ನಾಯಿ ಸಿಗುತ್ತದೆ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರುವ, ಯಾರು ಹೋದರೂ ನಡುಗುವ ನಾಯಿ. ಎಲ್ಲ ಶೆಲ್ಟರ್‌ನಲ್ಲೂ ಅಂಥದ್ದು ಒಂದಾದರೂ ಇರುತ್ತದೆ. ಅದರ ಜೊತೆ ಮಾಡಬೇಕಾದದ್ದು ಬಹಳ ಕಡಿಮೆ. ಗೂಡಿನ ಒಳಗೆ ಹೋಗಿ, ಅದರ ಕಡೆ ಬೆನ್ನು ಹಾಕಿ, ನೆಲದಲ್ಲಿ ಕುಳಿತುಕೊಳ್ಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಕೈ ಚಾಚಬೇಡಿ. ಬೇಯಿಸಿದ ಕೋಳಿಯ ಚೂರನ್ನು ನಿಮ್ಮಿಂದ ದೂರದಲ್ಲಿ ಇಡಿ. ಮೊದಲ ದಿನ ನೀವು ಎದ್ದು ಹೋದ ಮೇಲೆ ತಿನ್ನುತ್ತದೆ. ಮುಂದಿನ ವಾರ ನೀವಿರುವಾಗಲೇ, ಆದರೆ ಕಿವಿ ಹಿಂದಕ್ಕೆ ಒತ್ತಿಕೊಂಡು, ಕುತ್ತಿಗೆ ಮಾತ್ರ ಮುಂದಕ್ಕೆ ಚಾಚಿ, ಹಿಂಗಾಲು ಓಡಲು ತಯಾರಾಗಿ. ಅದಾದ ಎಷ್ಟೋ ವಾರಕ್ಕೆ ಬೆನ್ನಿಗೆ ಒಂದು ತಣ್ಣನೆಯ ಮೂಗು ತಾಗುತ್ತದೆ. ಆಗಲೂ ತಿರುಗಬೇಡಿ.

ಈ ಕೆಲಸಕ್ಕೆ ನಿಮ್ಮನ್ನು ಯಾರೂ ಹೊಗಳುವುದಿಲ್ಲ. ಫೋಟೋ ತೆಗೆಯಲೂ ಏನೂ ಇಲ್ಲ. ಆದರೆ ಮುಂದಿನ ಶನಿವಾರ ಮದುವೆಗೆ ಹೋಗಬೇಕಾಗಿ ಬಂದರೆ ಮನಸ್ಸು ಮೊದಲು ಆ ನಾಯಿಯ ಕಡೆ ಓಡುತ್ತದೆ ನೋಡಿ. ಭಾನುವಾರ ಸಂಜೆಯ ಬೇಸರಕ್ಕೆ ನನಗೆ ಗೊತ್ತಿರುವ ಮದ್ದು ಅದು.

ಹಂತ 5: ರಸ್ತೆಯಲ್ಲಿ ಗಾಯಗೊಂಡ ನಾಯಿ ಕಂಡರೆ

ರಾಷ್ಟ್ರೀಯ ಹೆದ್ದಾರಿ 66 ನಮ್ಮ ಎರಡೂ ಜಿಲ್ಲೆಯ ಉದ್ದಕ್ಕೂ ಹೋಗುತ್ತದೆ. ಪಂಪ್‌ವೆಲ್‌ನಿಂದ ಕುಂದಾಪುರದ ತನಕ ನಾಯಿ, ದನ ಗಾಡಿಗೆ ಸಿಕ್ಕದ ದಿನ ಕಡಿಮೆ. ಶೆಲ್ಟರ್‌ನಲ್ಲಿ ಕೆಲವು ತಿಂಗಳು ಕಳೆದು ನಾಯಿಯ ಭಾಷೆ ಸ್ವಲ್ಪ ಗೊತ್ತಾದ ಮೇಲೆ ಈ ಕೆಲಸಕ್ಕೆ ಕೈ ಹಾಕಿ.

ವಾಟ್ಸಾಪ್‌ನಲ್ಲಿ "ಪ್ಲೀಸ್ ಯಾರಾದರೂ ಸಹಾಯ ಮಾಡಿ" ಅಂತ ಬರೆದು ಬಸ್ ಹತ್ತಿ ಹೋಗಬೇಡಿ. ಸಂದೇಶ ಹೀಗಿರಲಿ: "ಕಂಕನಾಡಿ ಮಾರ್ಕೆಟ್ ಹಿಂದಿನ ರಸ್ತೆ, ಮೆಡಿಕಲ್ ಎದುರು. ಕಂದು ಬಣ್ಣದ ಹೆಣ್ಣು ನಾಯಿ. ಹಿಂದಿನ ಎಡಗಾಲು ಊರುತ್ತಿಲ್ಲ, ರಕ್ತ ನಿಂತಿದೆ, ಎಚ್ಚರ ಇದೆ. ಬೆಳಿಗ್ಗೆ 8.40. ನಾನು 9.30ರವರೆಗೆ ಇಲ್ಲೇ ಇರುತ್ತೇನೆ. ಕಾರು ಇದೆ, ಹಿಡಿಯಲು ಒಬ್ಬರು ಬೇಕು." ಜೊತೆಗೆ ಲೊಕೇಶನ್, ಒಂದು ಫೋಟೋ. ಕೆಲಸ ಆದ ಮೇಲೆ "ಆಸ್ಪತ್ರೆಗೆ ತಲುಪಿತು" ಅಂತ ಅದೇ ಗ್ರೂಪಿಗೆ ಹಾಕಿ. ಇಲ್ಲದಿದ್ದರೆ ಸಂಜೆವರೆಗೂ ಜನ ಹುಡುಕುತ್ತಾರೆ.

ಮೊದಲು ನಿಮ್ಮ ಜೀವ ನೋಡಿಕೊಳ್ಳಿ. ಗಾಡಿಯನ್ನು ನಾಯಿಯ ಹಿಂದೆ ನಿಲ್ಲಿಸಿ ಪಾರ್ಕಿಂಗ್ ಲೈಟ್ ಹಾಕಿ. ಎಷ್ಟೇ ಪಾಪದ ನಾಯಿಯಾದರೂ ನೋವಿನಲ್ಲಿ ಕಚ್ಚುತ್ತದೆ. ಒಂದು ಶಾಲು ಅಥವಾ ಅಗಲದ ಬ್ಯಾಂಡೇಜ್ ಬಟ್ಟೆಯನ್ನು ಕುಣಿಕೆ ಮಾಡಿ ಮೂತಿಗೆ ಹಾಕಿ, ಗದ್ದದ ಕೆಳಗೆ ಒಂದು ಸುತ್ತು ತಂದು, ಕಿವಿಗಳ ಹಿಂದೆ ಗಂಟು ಹಾಕಿ. ವಾಂತಿ ಮಾಡುತ್ತಿದ್ದರೆ ಅಥವಾ ಉಸಿರಾಟಕ್ಕೆ ಕಷ್ಟಪಡುತ್ತಿದ್ದರೆ ಮೂತಿ ಕಟ್ಟಲೇಬಾರದು. ಬೆನ್ನುಮೂಳೆಗೆ ಪೆಟ್ಟಾಗಿರಬಹುದು ಅನಿಸಿದರೆ ಕಾಲು ಹಿಡಿದು ಎತ್ತಬೇಡಿ. ಹಲಗೆ ಅಥವಾ ಕಾರಿನ ಮ್ಯಾಟ್ ಪಕ್ಕದಲ್ಲಿಟ್ಟು ಅದರ ಮೇಲೆ ಮೆಲ್ಲಗೆ ಎಳೆದುಕೊಳ್ಳಿ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನೀರು ಕುಡಿಸುವ ಅವಸರ ಬೇಡ.

ಮಾತ್ರೆ ಕೊಡುವ ಅವಸರವಂತೂ ಬೇಡವೇ ಬೇಡ. ಪ್ಯಾರಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ನಮ್ಮ ನೋವಿನ ಮಾತ್ರೆಗಳು ನಾಯಿಗೂ ಅಪಾಯ.

ಮಳೆಗಾಲದಲ್ಲಿ ಜಾಸ್ತಿ ಕಾಣುವುದು ಹುಳ ಬಿದ್ದ ಗಾಯ. ಕಿವಿಯ ಹಿಂದೆ, ಬಾಲದ ಬುಡದಲ್ಲಿ ಒಂದು ಸಣ್ಣ ತೂತು, ಸುತ್ತ ಒದ್ದೆ, ಹತ್ತಿರ ಹೋದರೆ ಕೊಳೆತ ವಾಸನೆ. ಒಳಗೆ ಇಡೀ ಗೂಡೇ ಇರುತ್ತದೆ. ಫಿನಾಯಿಲ್, ಪೆಟ್ರೋಲ್ ಸುರಿಯುವ ಹಳೇ ಅಭ್ಯಾಸ ಬಿಡಬೇಕು, ಅದು ಮಾಂಸವನ್ನೇ ಸುಡುತ್ತದೆ. ನಾಯಿಗಳಿಗೆ ಟಾಪಿಕ್ಯೂರ್ ತರಹದ ಗಾಯದ ಸ್ಪ್ರೇ ಮೆಡಿಕಲ್‌ನಲ್ಲಿ ಸಿಗುತ್ತದೆ. ಆದರೆ ಗಾಯ ಆಳ ಇದ್ದರೆ ಅಥವಾ ಅದು ಬೆಕ್ಕಾದರೆ ಪಶುವೈದ್ಯರೇ ನೋಡಬೇಕು.

ಒಂದು ಎಚ್ಚರಿಕೆ. ಗುರುತು ಪರಿಚಯದ ನಾಯಿ ಇದ್ದಕ್ಕಿದ್ದಂತೆ ಬದಲಾದರೆ, ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿದ್ದರೆ, ಸ್ವರ ಒಡೆದಂತಿದ್ದರೆ, ಹಿಂಗಾಲು ಎಳೆಯುತ್ತಿದ್ದರೆ ಮುಟ್ಟಬೇಡಿ, ಅದು ರೇಬೀಸ್ ಇರಬಹುದು. ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕುವುದು ಇಂಥ ಹೊತ್ತಿನಲ್ಲೇ. ಜನರನ್ನು ದೂರ ನಿಲ್ಲಿಸಿ, ಪಾಲಿಕೆಗೆ ಅಥವಾ ಪಶು ಆಸ್ಪತ್ರೆಗೆ ತಿಳಿಸಿ.

ದನ, ಎಮ್ಮೆ, ಆಡುಗಳಿಗೆ ಪಶುಪಾಲನಾ ಇಲಾಖೆಯ 1962 ಸಹಾಯವಾಣಿ ಇದೆ. ಯಾರಾದರೂ ಬೇಕಂತಲೇ ಪ್ರಾಣಿಗೆ ಹಿಂಸೆ ಕೊಟ್ಟಿದ್ದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಇದೆ. ಕೊಂದಿದ್ದರೆ ಅಥವಾ ಅಂಗಹೀನ ಮಾಡಿದ್ದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು. ಠಾಣೆಗೆ ಹೋಗುವಾಗ ಈ ಎರಡು ನಂಬರ್ ನೆನಪಿರಲಿ. ಬಾಯಿಮಾತಿಗಿಂತ ಬರೆದು ಕೊಟ್ಟ ದೂರಿಗೆ ಬೆಲೆ ಜಾಸ್ತಿ.

ಹಂತ 6: ಮರಿಗಳು

ಮಳೆ ಬಿಟ್ಟ ಮೇಲೆ ಮರಿಗಳ ಕಾಲ. ಕಟ್ಟುತ್ತಿರುವ ಮನೆಯ ಜಲ್ಲಿ ರಾಶಿಯ ಹಿಂದೆ, ಅಂಗಡಿಯ ಮೆಟ್ಟಿಲ ಕೆಳಗೆ ಐದಾರು ಮರಿಗಳು ಕಾಣುತ್ತವೆ. ಕೂಡಲೇ ಎತ್ತಿಕೊಳ್ಳಬೇಡಿ. ತಾಯಿ ಊಟ ಹುಡುಕಿಕೊಂಡು ಹೋಗಿರಬಹುದು. ದೂರದಲ್ಲಿ ನಿಂತು ಎರಡು ಮೂರು ಗಂಟೆ ನೋಡಿ. ತಾಯಿ ಇದ್ದರೆ ತಾಯಿಗೆ ಊಟ ಕೊಡಿ, ಮಳೆ ಬೀಳದ ಹಾಗೆ ಒಂದು ತಗಡು ಅಡ್ಡ ಇಡಿ. ಎಂಟು ವಾರ ಆಗುವ ತನಕ ತಾಯಿಯ ಹತ್ತಿರ ಇದ್ದರೇ ಅವಕ್ಕೆ ಒಳ್ಳೆಯದು.

ಬೆಕ್ಕಿನ ಮರಿಗಳದ್ದು ಬೇರೆಯೇ ಕಥೆ. ಮೀನು ಮಾರ್ಕೆಟಿನ ಹತ್ತಿರ ಡಬ್ಬದಲ್ಲಿ ಹಾಕಿ ಬಿಟ್ಟುಹೋಗುತ್ತಾರೆ. ಕಣ್ಣು ಬಿಡದ ಮರಿ ಸಿಕ್ಕರೆ ಮೊದಲು ಬಿಸಿ, ಆಮೇಲೆ ಹಾಲು. ತಣ್ಣಗಾದ ಮರಿಗೆ ಹಾಲು ಕೊಟ್ಟರೆ ಅದು ಜೀರ್ಣವಾಗುವುದಿಲ್ಲ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ. ಬಾಯೊಳಗೆ ಕಿರುಬೆರಳು ಇಟ್ಟು ನೋಡಿ, ಒಳಗೆ ಬೆಚ್ಚಗೆ ಅನಿಸಿದ ಮೇಲೆ ಹಾಲಿನ ಮಾತು. ದನದ ಹಾಲು ಕೊಟ್ಟರೆ ಭೇದಿ. ಪೆಟ್ ಶಾಪಿನಲ್ಲಿ ಮರಿಗಳ ಹಾಲಿನ ಪುಡಿ ಸಿಗುತ್ತದೆ. ಅಂಗಡಿ ಮುಚ್ಚಿದ್ದರೆ ಒಂದು ರಾತ್ರಿ ದಾಟಿಸಲು ಆಡಿನ ಹಾಲು ಆಗಬಹುದು.

ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿ, ತಲೆ ಸ್ವಲ್ಪ ಎತ್ತಿ, ಸೂಜಿ ತೆಗೆದ ಸಿರಿಂಜಿನಿಂದ ಹನಿ ಹನಿಯಾಗಿ ಕೊಡಿ. ಮನುಷ್ಯರ ಮಗುವಿನ ಹಾಗೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಪ್ರತಿ ಸಲವೂ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಬೇಕು, ತಾಯಿ ನೆಕ್ಕಿದಂತೆ. ಇಲ್ಲದಿದ್ದರೆ ಅವು ತಾವಾಗಿ ಮೂತ್ರ ಮಾಡುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಕ ನೋಡಿ ಬರೆದಿಡಿ. ಹುಟ್ಟಿದಾಗ ಸುಮಾರು 100 ಗ್ರಾಂ, ದಿನಕ್ಕೆ 10 ಗ್ರಾಂನಷ್ಟು ಏರಬೇಕು. ಒಂದು ದಿನ ಏರದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ತಾಯಿಯಿಲ್ಲದ ಇಷ್ಟು ಸಣ್ಣ ಮರಿಗಳಲ್ಲಿ ಎಷ್ಟೋ ಉಳಿಯುವುದಿಲ್ಲ, ಸರಿಯಾಗಿ ಮಾಡಿದರೂ.

ಹಂತ 7: ಕಾಡುಪ್ರಾಣಿ, ಹಾವು, ಕಡಲಾಮೆ

ಇಲ್ಲಿ ನಿಮ್ಮ ಕೆಲಸ ಫೋನ್ ಮಾಡುವುದು, ಜನ ಸೇರದಂತೆ ನೋಡಿಕೊಳ್ಳುವುದು. ಅರಣ್ಯ ಇಲಾಖೆಯ ಸಹಾಯವಾಣಿ 1926. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗಾಯಗೊಂಡ ನವಿಲು, ಪುನುಗು ಬೆಕ್ಕು, ಗಿಣಿ ಯಾವುದನ್ನೂ ಮನೆಯಲ್ಲಿ ಸಾಕುವಂತಿಲ್ಲ. ಕೈಗೆ ಬಂದರೆ 48 ಗಂಟೆಯೊಳಗೆ ತಿಳಿಸಲೇಬೇಕು. ಹಕ್ಕಿಯಾದರೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆಯಲ್ಲಿ ಇಡಿ, ಕೊಕ್ಕಿಗೆ ನೀರು ಸುರಿಯಬೇಡಿ. ಮಂಗಳೂರಿನ ಸುತ್ತ ಸಿಕ್ಕಿದ ಎಷ್ಟೋ ಕಾಡುಪ್ರಾಣಿಗಳು ಇಲಾಖೆಯ ಮೂಲಕ ಪಿಲಿಕುಳ ಜೈವಿಕ ಉದ್ಯಾನಕ್ಕೆ ಹೋಗುತ್ತವೆ.

ಹಾವು ಹಿಡಿಯುವುದನ್ನು ಯೂಟ್ಯೂಬ್ ನೋಡಿ ಕಲಿಯಬೇಡಿ. ಉಡುಪಿಯ ಗುರುರಾಜ್ ಸನಿಲ್ ಅವರಂಥ ಉರಗ ತಜ್ಞರ ಹಿಂದೆ ಹಲವು ವರ್ಷಗಳ ಅನುಭವ ಇದೆ. ನೀವು ಕಲಿಯಬೇಕಾದದ್ದು ಹೆಬ್ಬಾವಿನ ಮರಿಗೂ ವಿಷದ ಕನ್ನಡಿ ಹಾವಿಗೂ (ಕೊಳಕುಮಂಡಲ) ವ್ಯತ್ಯಾಸ, ಕೇರೆ ಹಾವನ್ನು ನಾಗರ ಅಂತ ಹೊಡೆಯಲು ಹೊರಟವರನ್ನು ತಡೆಯುವ ಮಾತು. ನಾಗನಿಗೆ ತಂಬಿಲ (ಪೂಜೆ) ಕೊಡುವ ಊರು ನಮ್ಮದು. ನಾಗರ ಹಾವಿನ ಮೇಲೆ ಕೈ ಎತ್ತಲು ಜನ ಹೇಗೂ ಹಿಂಜರಿಯುತ್ತಾರೆ. ಪಾಪ, ಪೆಟ್ಟು ತಿನ್ನುವುದು ಉಳಿದ ಹಾವುಗಳು.

ಚಿರತೆ ಬಾವಿಗೆ ಬಿದ್ದ ಸುದ್ದಿ ನಮ್ಮಲ್ಲಿ ಹೊಸತಲ್ಲ. 2023ರ ಫೆಬ್ರವರಿಯಲ್ಲಿ ನಿಡ್ಡೋಡಿಯಲ್ಲಿ ಪಶುವೈದ್ಯೆಯೊಬ್ಬರು ಬೋನಿನೊಳಗೆ ಕುಳಿತು ಬಾವಿಗೆ ಇಳಿದು, ಅರಿವಳಿಕೆ ಕೊಟ್ಟು ಚಿರತೆಯನ್ನು ಮೇಲಕ್ಕೆತ್ತಿಸಿದರು. ಅದು ತರಬೇತಿ ಪಡೆದವರ ಕೆಲಸ. ನಿಮ್ಮಿಂದ ಆಗುವುದು ಇನ್ನೊಂದು ಉಂಟು: ನಿಮ್ಮ ಗ್ರಾಮದಲ್ಲಿ ದಂಡೆ ಇಲ್ಲದ ಬಾವಿಗಳ ಪಟ್ಟಿ ಮಾಡಿ, ಮನೆಯವರ ಮನ ಒಲಿಸಿ, ಬಲೆ ಹಾಕಿಸಿ ಅಥವಾ ಕಲ್ಲು ಕಟ್ಟಿಸಿ. ಪ್ರಾಣಿ ಬೀಳದಂತೆ ಮಾಡುವುದೂ ರಕ್ಷಣೆಯೇ ಅಲ್ವಾ?

ಸಮುದ್ರ ತೀರದಲ್ಲಿ ಬಲೆಗೆ ಸಿಕ್ಕ ಕಡಲಾಮೆ ಕಂಡರೆ ನೀರಿಗೆ ನೂಕಬೇಡಿ. ಗಾಯವಾದ ಆಮೆ ಈಜಲಾರದೆ ಮುಳುಗುತ್ತದೆ. ನೆರಳಿಗೆ ತಂದು, ಮೂಗು ಬಿಟ್ಟು ಚಿಪ್ಪಿನ ಮೇಲೆ ಒದ್ದೆ ಬಟ್ಟೆ ಹಾಕಿ, 1926ಕ್ಕೆ ಕರೆ ಮಾಡಿ. ಕುಂದಾಪುರದ ಕೋಡಿ ತೀರದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ಬೇಸಿಗೆಯಲ್ಲಿ ಆ ಗೂಡುಗಳನ್ನು ಕಾಯುವ ಕೆಲಸಕ್ಕೆ ಜನ ಬೇಕಾಗುತ್ತದೆ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಹಂತ 8: ಬೀದಿನಾಯಿ, ಊಟ, ನೆರೆಹೊರೆ

ಊಟ ಹಾಕುವುದು ಸುಲಭ. ಅದರಿಂದ ಜಗಳ ಆಗದಂತೆ ಹಾಕುವುದು ಕಲೆ. ಕುಚ್ಚಲಕ್ಕಿ ಅನ್ನಕ್ಕೆ ಬೇಯಿಸಿ ಮುಳ್ಳು ತೆಗೆದ ಬೂತಾಯಿ ಮೀನು ಕಲಸಿ, ಅಡಿಕೆ ಹಾಳೆಯ ತಟ್ಟೆಯಲ್ಲಿ ಹಾಕಿ. ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿ ಜಾಗ ಗುಡಿಸಿ.

2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳ ಪ್ರಕಾರ ಮಕ್ಕಳು ಆಡುವ ಜಾಗ, ಗೇಟು, ಮೆಟ್ಟಿಲುಗಳಿಂದ ದೂರ, ಗೊತ್ತುಪಡಿಸಿದ ಕಡೆ ಆಹಾರ ಹಾಕಬೇಕು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ವಾರ್ಡ್‌ಗಳಲ್ಲಿ ಇದಕ್ಕೆಂದೇ ಜಾಗ ಗುರುತಿಸಬೇಕು, ರಸ್ತೆಯಲ್ಲಿ ಹಾಕಬಾರದು ಅಂತ ಹೇಳಿತು. ಸಂತಾನಹರಣ, ಲಸಿಕೆ ಆದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೇಬೀಸ್ ಇರುವ ಅಥವಾ ಮೈಮೇಲೆ ಬೀಳುವ ನಾಯಿಯನ್ನು ಬಿಡುವಂತಿಲ್ಲ ಅಂತಲೂ ಹೇಳಿತು. ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣದ ಆವರಣಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲೇ ಬಿಡಬಾರದು ಅಂತ ಬಂತು. ನಿಮ್ಮ ವಾರ್ಡಿನಲ್ಲಿ ಈಗ ಯಾವ ಜಾಗ ಅಂತ ಪಾಲಿಕೆ ಅಥವಾ ನಗರಸಭೆಯಲ್ಲೇ ಕೇಳಿ.

ನೆರೆಯವರು ಬಂದೇ ಬರುತ್ತಾರೆ. "ಎಂತ ಮಾರಾಯ್ರೆ, ನೀವು ಅನ್ನ ಹಾಕಿ ಹಾಕಿ ನಾಯಿ ಜಾಸ್ತಿ ಆಯ್ತು. ಮೊಮ್ಮಗು ಟ್ಯೂಷನ್‌ಗೆ ಹೋಗುವುದು ಹೇಗೆ?" ಈ ಮಾತಿಗೆ ದಯೆ, ಧರ್ಮ ಅಂತ ಭಾಷಣ ಶುರು ಮಾಡಿದಿರೋ ಕೆಟ್ಟಿತು. ಆ ಅಜ್ಜನ ಹೆದರಿಕೆ ನಿಜವಾದದ್ದು. "ಹೌದು ಶೆಟ್ರೆ, ಗೇಟಿನ ಹತ್ತಿರ ಇನ್ನು ಹಾಕುವುದಿಲ್ಲ. ಎರಡು ಹೆಣ್ಣು ನಾಯಿಗೆ ಆಪರೇಷನ್ ಆಗಿದೆ, ಕಿವಿಯ ತುದಿ ಕತ್ತರಿಸಿದ್ದು ಕಾಣ್ತದಲ್ಲ? ಇನ್ನೊಂದು ಬಾಕಿ ಉಂಟು. ಹಿಡಿಯುವ ದಿನ ನಿಮ್ಮ ಹಿತ್ತಲಿನ ಗೇಟ್ ಸ್ವಲ್ಪ ಹಾಕಿ ಇಡ್ತೀರಾ?" ಅಂತ ಕೇಳಿ ನೋಡಿ. ಸಹಾಯ ಕೇಳಿದರೆ ಜಗಳಕ್ಕೆ ಬಂದವರೂ ಮುಕ್ಕಾಲು ಪಾಲು ನಿಮ್ಮ ಕಡೆ ಆಗುತ್ತಾರೆ.

ಊಟ ಹಾಕಿ ಸಂತಾನಹರಣ ಮಾಡಿಸದಿದ್ದರೆ ಕೆಲಸ ಅರ್ಧ. ಊಟದ ಹೊತ್ತಿಗೆ ನಿಮ್ಮನ್ನು ನಂಬಿ ಬರುವ ನಾಯಿಯನ್ನು ಹಿಡಿಯುವುದು ನಿಮಗಷ್ಟೇ ಸುಲಭ. ಆ ನಂಬಿಕೆಯನ್ನು ಅದಕ್ಕೂ ಬಳಸಿಕೊಳ್ಳಿ.

ಹಂತ 9: ಮನೆ ಹುಡುಕುವುದು

ಗಂಡು ಮರಿಗೆ ಬೇಗ ಮನೆ ಸಿಗುತ್ತದೆ. ಹೆಣ್ಣು ಮರಿ ಅಂದ ಕೂಡಲೇ "ಬೇಡ, ಮರಿ ಹಾಕ್ತದೆ" ಅನ್ನುತ್ತಾರೆ. ಆರು ತಿಂಗಳಾದ ಮೇಲೆ ಆಪರೇಷನ್ ಮಾಡಿಸುವ ಜವಾಬ್ದಾರಿ ನಮ್ಮದು ಅಂತ ಮೊದಲೇ ಹೇಳಿದರೆ ಎಷ್ಟೋ ಮನೆಗಳು ಒಪ್ಪುತ್ತವೆ.

ಕೊಡುವ ಮೊದಲು ಆ ಮನೆಗೆ ಹೋಗಿ ಒಂದು ಚಾ ಕುಡಿದು ಬನ್ನಿ. ಫಾರ್ಮಿನಲ್ಲಿ ಬರೆಯದ ಉತ್ತರಗಳು ಅಂಗಳದಲ್ಲಿ ಕಾಣುತ್ತವೆ. ಮೂಲೆಯಲ್ಲಿ ಎರಡಡಿ ಸರಪಳಿ ಕಂಡರೆ ಅದರ ಬಗ್ಗೆ ಕೇಳಿ. "ಮೊದಲಿನ ನಾಯಿ ಏನಾಯ್ತು?" ಅನ್ನುವುದು ಒಳ್ಳೆಯ ಪ್ರಶ್ನೆ. ಅದಕ್ಕಿಂತ ಒಳ್ಳೆಯದು, "ರಾತ್ರಿ ಎಲ್ಲಿ ಮಲಗುತ್ತದೆ?" ಕಾರ್ಕಳ, ಬೆಳ್ತಂಗಡಿ ಕಡೆಯ ತೋಟದ ಮನೆಗಳಲ್ಲಿ ಹೊರಗೆ ಕಟ್ಟಿದ ನಾಯಿಯನ್ನು ಚಿರತೆ ಹೊತ್ತೊಯ್ಯುವುದು ಎಲ್ಲರಿಗೂ ಗೊತ್ತಿರುವ ವಿಷಯ. ಬಾಗಿಲಿರುವ ಗೂಡು ಇಲ್ಲದಿದ್ದರೆ ಮರಿ ಕೊಡಬೇಡಿ. ಕೊಟ್ಟ ಮೇಲೆ ಒಂದು ವಾರಕ್ಕೆ, ಒಂದು ತಿಂಗಳಿಗೆ, ಆಪರೇಷನ್ ಹೊತ್ತಿಗೆ ಫೋನ್ ಮಾಡಿ. ಬೇಡ ಅನಿಸಿದರೆ ರಸ್ತೆಗೆ ಬಿಡದೆ ನಮಗೇ ವಾಪಸ್ ಕೊಡಿ ಅಂತ ಬರೆಸಿಕೊಳ್ಳಿ.

ಹಂತ 10: ದಣಿವು

ನೀವು ರಾತ್ರಿಯಿಡೀ ಎದ್ದು ಹಾಲು ಕೊಟ್ಟ ಮರಿ ಬೆಳಿಗ್ಗೆ ಸತ್ತಿರುತ್ತದೆ. ಪಶುವೈದ್ಯರು ಉಳಿಸುವುದು ಕಷ್ಟ, ನೋವಿಲ್ಲದೆ ಕಳಿಸುವುದು ಒಳ್ಳೆಯದು ಅನ್ನುತ್ತಾರೆ. ಇದಕ್ಕೆ ಅಭ್ಯಾಸ ಆಗುತ್ತದೆ ಅಂತ ಹೇಳುವವರ ಮಾತು ನಂಬಬೇಡಿ. ಅಂಥ ದಿನ ಸುಮ್ನೆ ಮನೆಗೆ ಹೋಗಿ ಊಟ ಮಾಡಿ ಮಲಗಿ, ಅಥವಾ ಅದೇ ಕೆಲಸ ಮಾಡುವ ಇನ್ನೊಬ್ಬರ ಹತ್ತಿರ ಮಾತಾಡಿ. ಮನೆಯವರಿಗೆ "ಒಂದು ಬೆಕ್ಕಿಗೆ ಇಷ್ಟಾ?" ಅನಿಸಬಹುದು. ಅದೇ ಕೆಲಸ ಮಾಡುವವರಿಗೆ ಹಾಗನಿಸುವುದಿಲ್ಲ.

ರಾತ್ರಿ ಒಂಬತ್ತರ ನಂತರ ಗ್ರೂಪ್ ಮ್ಯೂಟ್ ಮಾಡಿ. ಮನೆಯಲ್ಲಿ ಒಂದು ಹೊತ್ತಿಗೆ ಎಷ್ಟು ಪ್ರಾಣಿ ಅಂತ ಲೆಕ್ಕ ಇಟ್ಟು ಅದನ್ನು ದಾಟಬೇಡಿ. ನಿದ್ದೆ ಬಾರದಿದ್ದರೆ, ಮನೆಯ ಎಲ್ಲರ ಮೇಲೂ ರೇಗುತ್ತಿದ್ದರೆ, ಮನುಷ್ಯರೆಲ್ಲ ಕೆಟ್ಟವರು ಅನಿಸಲು ಶುರುವಾದರೆ ಒಂದು ತಿಂಗಳು ರಜೆ ಹಾಕಿ. ಆಗಲೂ ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಿ.

ರಜೆ ಹಾಕುವ ಮೊದಲು ನಿಮ್ಮ ಶನಿವಾರವನ್ನು ಇನ್ನೊಬ್ಬರಿಗೆ ಒಪ್ಪಿಸಿ. ಒಂದು ವಾರ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಯಾವ ಗೂಡಿನ ಚಿಲಕ ಸಡಿಲ, ಯಾವ ನಾಯಿಗೆ ಮಾತ್ರೆಯನ್ನು ಇಡ್ಲಿಯಲ್ಲಿ ಅಡಗಿಸಿ ಕೊಡಬೇಕು, ಯಾವ ಎರಡನ್ನು ಒಟ್ಟಿಗೆ ಬಿಡಬಾರದು, ಬ್ಲೀಚ್ ಕ್ಯಾನ್ ಎಲ್ಲಿದೆ ಅಂತ ತೋರಿಸಿ. ಮೂಲೆಯಲ್ಲಿ ಕೂರುವ ನಾಯಿ ಇದ್ದರೆ ಅದರ ಹತ್ತಿರ ಹೇಗೆ ಹೋಗಬೇಕು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಗೂಡಿಗೆ ನೇತುಹಾಕಿ. ಮಳೆಗೆ ಒದ್ದೆಯಾಗದಂತೆ ಪ್ಲಾಸ್ಟಿಕ್ ಕವರ್ ಹಾಕಲು ಮರೆಯಬೇಡಿ.